ಬೆಳ್ಳಿ ವಿಭೂತಿ

ಬಿಸಿಲನ್ನು ಜೋಳದ ಹಾಗೆ ತುಂಬಿಡಲು ಬಂದರೆ ಹೇಗಿರುತ್ತದೆ ಎಂದು ಹಿಂದೆ ಯಾರೋ ಬುದ್ಧಿವಂತರು ಕೇಳಿದ್ದರಂತೆ. ಅವರ ಬಾಯಿಗೆ ಸಕ್ಕರೆ ಹಾಕಬೇಕೋ ಮಣ್ಣು ಹಾಕಬೇಕೋ, ಇವತ್ತಿಗೂ ನನಗೆ ತಿಳಿದಿಲ್ಲ. ಆ ಪ್ರಶ್ನೆಗೆ ಉತ್ತರವಾಗಿ ನಮ್ಮ ಕರಿಗುಡ್ಡದ ಬಯಲಿನಲ್ಲಿ ಏಳು ಅಂತಸ್ತು ಎತ್ತರದ ಉಕ್ಕಿನ ಕಣಜವೊಂದು ನಿಂತಿದೆ. ಅದರೊಳಗೆ ಕರಗಿದ ಉಪ್ಪು, ಸುತ್ತಲೂ ಒಂಬತ್ತು ಸಾವಿರ ಕನ್ನಡಿ. ಕನ್ನಡಿಗಳು ಬಿಸಿಲು ಹಿಡಿದು ಉಪ್ಪಿಗೆ ಉಣಿಸುತ್ತವೆ. ಉಪ್ಪು ಆ ಬಿಸಿಯನ್ನು ಹಿಡಿದಿಟ್ಟುಕೊಂಡು ವರ್ಷವಿಡೀ ಊರಿಗೆ ಕರೆಂಟು ಕೊಡುತ್ತದೆ.

ಕರೆಂಟು ಅಂದರೆ ಬರೀ ದೀಪ ಉರಿಸಲಿಕ್ಕಲ್ಲ. ನಮ್ಮ ಕಡೆ ಬೇಸಿಗೆ ಈಗ ಐವತ್ತೆರಡು ಡಿಗ್ರಿಗೆ ಹೋಗುತ್ತದೆ. ಓಣಿಗೊಂದು ತಂಪುಮನೆ ಇದೆ. ಕಡು ಬೇಸಿಗೆಯಲ್ಲಿ ಹಗಲು ಹೊತ್ತು ಊರಿಗೆ ಊರೇ ಅದರೊಳಗೆ ಚಾಪೆ ಹಾಸಿಕೊಂಡು ಕೂತಿರುತ್ತದೆ. ಆರು ವರ್ಷದ ಹಿಂದೆ ಕಣಜ ಕೆಟ್ಟು ಅದರ ಕೊಳವೆಗಳಲ್ಲಿ ಉಪ್ಪು ಹೆಪ್ಪುಗಟ್ಟಿತ್ತು. ಆ ಬೇಸಿಗೆಯಲ್ಲಿ ಹನ್ನೆರಡು ದಿನ ತಂಪುಮನೆಗಳು ಬಂದಾಗಿ ನಲವತ್ತೊಂದು ಜನ ಸತ್ತರು. ಅವರಲ್ಲಿ ನಮ್ಮ ದೊಡ್ಡ ಸಾಹೇಬರು ದೇಶಮುಖರ ತಾಯಿಯೂ ಒಬ್ಬರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾನು ಮಹಾನಂದಾ. ಕಣಜದ ಬಿಸಿ ಅಳೆಯುವುದು ನನ್ನ ನೌಕರಿ, ಇಪ್ಪತ್ತಾರು ವರ್ಷದ್ದು. ಥರ್ಮಾಮೀಟರ್ ಹಿಡಿಯೋದು ಏನು ದೊಡ್ಡ ವಿದ್ಯೆ ಎಂದು ನನ್ನ ಸ್ವಂತ ತಮ್ಮನೇ ಕೇಳುತ್ತಾನೆ. ಕೇಳಿದಾಗ ಮೈಯೆಲ್ಲ ಉರಿಯುತ್ತದೆ. ನೀರಿಗೆ ಅದ್ದುವ ಪ್ರೋಬನ್ನು, ಎಂದರೆ ಬಿಸಿ ಅಳೆಯುವ ಕಡ್ಡಿಯನ್ನು, ಗೋಡೆಗೆ ಒತ್ತಿ ಹಿಡಿದರೆ ಅದು ಅರ್ಧ ಗೋಡೆಯ, ಅರ್ಧ ಗಾಳಿಯ ಬಿಸಿ ಹೇಳುತ್ತದೆ. ಗೋಡೆಗೆಂದು ಮಾಡಿದ ಚಪ್ಪಟೆ ಪ್ರೋಬನ್ನು ನೀರಿಗೆ ಅದ್ದಿದರೆ ಕೆಟ್ಟೇ ಹೋಗುತ್ತದೆ. ದಪ್ಪ ಕವಚದ್ದು ಬಹಳ ದಿನ ಬಾಳುತ್ತದೆ, ಆದರೆ ಅದಕ್ಕೆ ಬಿಸಿ ತಾಗಲು ಆರು ನಿಮಿಷ ಬೇಕು. ಕವಚವಿಲ್ಲದ ತೆಳು ಪ್ರೋಬು ನಾಲ್ಕೇ ಸೆಕೆಂಡಿಗೆ ಹೇಳುತ್ತದೆ, ಒಂದು ನಿಮಿಷದಲ್ಲಿ ಸಾಯುತ್ತದೆ. ಯಾವುದನ್ನು ಎಲ್ಲಿಗೆ ಹಾಕಿದರೂ ಒಂದಲ್ಲ ಒಂದು ಅಂಕಿ ಬರುತ್ತದೆ. ನನಗೆ ಗೊತ್ತಿಲ್ಲ ಎಂದು ಯಾವ ಪ್ರೋಬೂ ಹೇಳುವುದಿಲ್ಲ. ನನ್ನ ಭಯವೆಲ್ಲ ಅಲ್ಲಿಯೇ ಇದೆ.

ಮೊದಲು ಕಣಜದೊಳಗೆ ದಪ್ಪ ಪ್ರೋಬುಗಳನ್ನು ಮುಳುಗಿಸಿಡುತ್ತಿದ್ದೆವು. ಆರು ತಿಂಗಳಿಗೊಮ್ಮೆ ಉಪ್ಪು ಅವನ್ನು ತಿಂದು ಹಾಕುತ್ತಿತ್ತು. ನೆತ್ತಿಗೆ ಹತ್ತಿ, ಕೊಳವೆಯ ಮುಚ್ಚಳ ತೆಗೆದು ಹೊಸದು ಇಳಿಸುವ ಕೆಲಸ ನನ್ನ ಗಂಡ ಸಿದ್ರಾಮಪ್ಪನದು. ಹನ್ನೊಂದು ವರ್ಷದ ಹಿಂದೆ ಒಂದು ದಿನ, ಇಳಿಸಿದ ಪ್ರೋಬು ಸರಿಯಾಗಿ ಹೇಳುತ್ತದೋ ಇಲ್ಲವೋ ನೋಡಲು ಆ ಆರು ನಿಮಿಷ ಕೊಳವೆಯ ಬಾಯಲ್ಲೇ ನಿಂತ. ಐದನೆಯ ನಿಮಿಷಕ್ಕೆ ಉಪ್ಪು ಸಿಡಿಯಿತು. ಬಲಗೈಯ ಮೂರು ಬೆರಳು ಹೋದವು.

ಆಮೇಲೆ ನಾನು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು, ಕಂಡಕಂಡವರ ಜೊತೆ ಜಗಳ ಮಾಡಿ, ಮುಟ್ಟದೆ ನೋಡುವ ಪ್ರೋಬುಗಳನ್ನು ತರಿಸಿದೆ. ಅವಕ್ಕೆ ನಾವು ಕಣ್ಣು ಎನ್ನುತ್ತೇವೆ. ಕಣಜದ ಹೊಟ್ಟೆಯ ಸುತ್ತ ಹನ್ನೆರಡು ಕಡೆ ಹೊದಿಕೆಯಿಲ್ಲದ ಕರಿ ಉಕ್ಕಿನ ಜಾಗ ಬಿಟ್ಟಿದ್ದಾರೆ, ಅವು ಕೆನ್ನೆಗಳು. ಒಂದೊಂದು ಕೆನ್ನೆಯ ಎದುರಿಗೆ ಒಂದೊಂದು ಕಣ್ಣು. ಬಿಸಿಯಾದ ವಸ್ತು ನಮಗೆ ಕಾಣದ ಬೆಳಕೊಂದನ್ನು ಬಿಡುತ್ತದೆ, ಈ ಕಣ್ಣು ಅದನ್ನು ನೋಡಿ ಬಿಸಿ ಹೇಳುತ್ತದೆ. ಗೋಡೆಯ ಒಳಮೈಗೆ ದಪ್ಪ ಇಟ್ಟಿಗೆ ಇರುವುದರಿಂದ, ಕೆನ್ನೆ ತೊಂಬತ್ತು ಡಿಗ್ರಿ ಇದ್ದರೆ ಒಳಗಿನ ಉಪ್ಪು ಐದುನೂರ ಅರವತ್ತು ಎಂದು ಲೆಕ್ಕ. ಅಷ್ಟಿದ್ದರೆ ಎಲ್ಲ ಕ್ಷೇಮ.

ಆರುನೂರು ದಾಟಿದರೆ ಕ್ಷೇಮವಿಲ್ಲ. ಉಪ್ಪು ಒಡೆಯಲು ಶುರುವಾಗುತ್ತದೆ, ಒಡೆಯುತ್ತ ತಾನೇ ಬಿಸಿ ಬಿಡುತ್ತದೆ, ಆ ಬಿಸಿಗೆ ಇನ್ನಷ್ಟು ಒಡೆಯುತ್ತದೆ. ಕನ್ನಡಿ ತಿರುಗಿಸಿದರೂ ನಿಲ್ಲುವುದಿಲ್ಲ. ಇರುವುದೊಂದೇ ದಾರಿ, ಉಪ್ಪನ್ನೆಲ್ಲ ಹೊರಗಿನ ಹೊಂಡಕ್ಕೆ ಹರಿಸಿಬಿಡುವುದು. ಆರುನೂರ ಇಪ್ಪತ್ತರ ಮೇಲೆ ಕಣಜ ಸಿಡಿಯದೆ ಎಷ್ಟು ಹೊತ್ತು ತಡೆಯುತ್ತದೆ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಕಣಜದಿಂದ ಕೂಗಳತೆಯಲ್ಲಿ ನಮ್ಮ ಕ್ವಾರ್ಟರ್ಸು, ಮುನ್ನೂರು ಮನೆ. ಅದರಲ್ಲೊಂದು ಮನೆಯಲ್ಲಿ ನನ್ನ ಮಗಳು ಭುವನಾ ಬಾಣಂತಿ. ಕೂಸಿಗೆ ಆಗ ಇಪ್ಪತ್ತೆರಡು ದಿನ.

ಅವತ್ತು ಮಹಾನವಮಿ ಕಳೆದು ಒಂಬತ್ತನೆಯ ದಿನ. ನಾನು ಮಧ್ಯಾಹ್ನದ ಡ್ಯೂಟಿಗೆ ಹೊರಟು ನಿಂತಿದ್ದೆ. ಬಚ್ಚಲಲ್ಲಿ ನನ್ನ ಅವ್ವ ಗುರುಬಸಮ್ಮ ಕಾಲು ನೀಡಿ ಕೂತು, ಕೂಸನ್ನು ಕಾಲಮೇಲೆ ಹಾಕಿಕೊಂಡು, ಮೊಣಕೈಯನ್ನು ಬಕೀಟಿಗೆ ಅದ್ದಿ ತೆಗೆದು ಅದ್ದಿ ತೆಗೆದು ಮಾಡುತ್ತಿದ್ದಳು. ಎಂಬತ್ತು ದಾಟಿದೆ, ಓಣಿಯ ಅರ್ಧ ಕೂಸುಗಳಿಗೆ ಎರೆದ ಕೈ ಅದು.

"ಮಾನಂದಾ, ನಿಮ್ಮ ನಳಕ್ಕ ಏನಾಗ್ಯಾದ? ನೀರು ಹಿಂಗ್ಯಾಕ ಸುಡ್ಲಾಕತ್ತ್ಯಾವ?"

"ಬಿಸಿನೀರಿನ ನಳ ಸುಡ್ಲಾರದ ಮತ್ತೇನು ಮಾಡ್ತದವ್ವಾ?" ಎಂದೆ, ಚಪ್ಪಲಿ ಹುಡುಕುತ್ತ.

"ಚಾಷ್ಟಿ ಬ್ಯಾಡ. ಕೂಸು ಬಂದಾಗಿಂದ ಬಕೀಟಿಗೆ ಎರಡು ತಂಬಿಗಿ ತಣ್ಣೀರು ಹಾಕ್ತಿದ್ದೆ, ಹದಾ ಆಗ್ತಿತ್ತು. ಹಬ್ಬಾದ ಮ್ಯಾಲ ಮೂರು ಆಯ್ತು. ಮೊನ್ನಿ ನಾಕು. ಇವತ್ತ ಐದು ಹಾಕೀನಿ, ಈಗ ಮೊಣಕೈ ಒಪ್ಪ್ಯಾದ."

ಒಳಗಿನಿಂದ ಭುವನಾ ನಕ್ಕಳು. "ಆಯಿಗಿ ವಯಸ್ಸಾಯ್ತು, ಚರ್ಮ ಮೆತ್ತಗಾಗ್ಯಾದ. ಯವ್ವಾ, ಎರ್ಕೊಂಡ ಮ್ಯಾಲ ಕೂಸಿಂದು ಒಂದು ಫೋಟೊ ತಗಿ, ಅವರಿಗಿ ಕಳಸ್ತೀನಿ." ಅವರಿಗೆ ಎಂದರೆ ನಮ್ಮ ಅಳಿಯ ಶರಣಪ್ಪ. ನಲವತ್ತು ಮೈಲಿ ದೂರದ ಬಿಳಿಕಲ್ಲಿನಲ್ಲಿ ನಮ್ಮದರಂಥದೇ ಇನ್ನೊಂದು ಕಣಜ ಇದೆ, ಅಲ್ಲಿ ಅವರದು ನೌಕರಿ. ಕೂಸಿನ ಮುಖ ಒಮ್ಮೆ ನೋಡಿ ಹೋದವರು, ರಜೆ ಸಿಗದೆ ಒದ್ದಾಡುತ್ತಿದ್ದರು.

ನಾನು ನಗಲಿಲ್ಲ. ಕ್ವಾರ್ಟರ್ಸಿನ ಬಿಸಿನೀರಿನ ಕೊಳವೆ ಕಣಜದ ಬುಡಕ್ಕೆ ಸುತ್ತು ಹಾಕಿಕೊಂಡು ಬರುತ್ತದೆ, ಕಣಜ ಕಾದಷ್ಟೇ ನೀರೂ ಕಾಯುತ್ತದೆ. ಚೀಲದಿಂದ ಅದ್ದುವ ಪ್ರೋಬು ತೆಗೆದು ನಳದ ಬಾಯಿಗೆ ಹಿಡಿದೆ. ನಲವತ್ತೆಂಟು. ವರ್ಷಗಟ್ಟಲೆ ಅದು ನಲವತ್ತಮೂರರ ಮೇಲೆ ಹೋದದ್ದಿಲ್ಲ. ನೀರಿನ ರಭಸ ಎಂದಿನಷ್ಟೇ ಇತ್ತು. ಅಂದರೆ ನೀರು ನಿಧಾನವಾಗಿ ಬಂದು ಕಾದದ್ದಲ್ಲ, ಕಣಜವೇ ಕಾದಿತ್ತು. ಫೋಟೊ ತೆಗೆಯದೆ ಹೊರಟೆ, ಭುವನಾ ಹಿಂದಿನಿಂದ ಕೂಗುತ್ತಲೇ ಇದ್ದಳು.

ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಮೌಲಾಲಿ ಚಹಾ ಕುಡಿಯುತ್ತಿದ್ದ. ಪರದೆಯ ಮೇಲೆ ಹನ್ನೆರಡು ಅಂಕಿ, ಎಲ್ಲವೂ ಐದುನೂರ ಐವತ್ತೊಂಬತ್ತು, ಅರವತ್ತು, ಅರವತ್ತೊಂದು. ಇದಕ್ಕಿಂತ ಚಂದದ ಪರದೆ ಇರಲಿಕ್ಕೆ ಸಾಧ್ಯವಿಲ್ಲ. ದೇಶಮುಖ ಸಾಹೇಬರಿಗೆ ನೀರಿನ ಸಂಗತಿ ಹೇಳಿದೆ.

"ಮಹಾನಂದಾ," ಎಂದರು ಕನ್ನಡಕ ತೆಗೆದು, "ಹನ್ನೆರಡು ಕಣ್ಣು ಒಂದೇ ಮಾತು ಹೇಳ್ಲಾಕತ್ತ್ಯಾವ. ನೀವೇ ಜಗಳಾಡಿ ತರ್ಸಿದ ಕಣ್ಣು. ಅವನ್ನ ಬಿಟ್ಟು ನಾ ನಿಮ್ಮವ್ವನ ಮೊಣಕೈ ನಂಬಬೇಕೇನು?"

"ನಂಬಬ್ಯಾಡ್ರಿ ಸರ್. ಹಬ್ಬದ ದಿನದ ಲೆಕ್ಕ ಒಮ್ಮಿ ನೋಡೂಣು."

ಮೌಲಾಲಿ ತೆಗೆದು ತೋರಿಸಿದ. ಮಹಾನವಮಿಯ ಮಧ್ಯಾಹ್ನ ಹನ್ನೆರಡೂ ಅಂಕಿಗಳು ಒಮ್ಮೆಲೇ ನಲವತ್ತೈದು ಡಿಗ್ರಿ ಇಳಿದಿದ್ದವು. "ಆಯುಧ ಪೂಜಿಗಂತ ಅರ್ಧ ದಿನ ಕನ್ನಡಿ ತಿರುಗ್ಸಿದ್ವಲ್ಲ ಅಕ್ಕಾ, ಅದಕ್ಕ ತಣ್ಣಗಾಗ್ಯಾದ ಅಂತ ಎಲ್ಲಾರೂ ಅಂದ್ರು," ಎಂದ ಅವನು. ಅರ್ಧ ದಿನಕ್ಕೆ ಕಣಜ ಆರು ಡಿಗ್ರಿಗಿಂತ ಹೆಚ್ಚು ತಣ್ಣಗಾಗುವುದಿಲ್ಲ. ಅದು ನನಗೆ ಗೊತ್ತು, ಅವನಿಗೂ ಗೊತ್ತು. ಹಬ್ಬದ ಹೋಳಿಗೆ ತಿಂದ ದಿನ ಯಾರೂ ಲೆಕ್ಕ ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ. ಕಣಜ ಹಸಿದಿದೆ ಎಂದುಕೊಂಡ ಕಂಪ್ಯೂಟರು ಮಾತ್ರ ಒಂಬತ್ತು ದಿನ ಎಲ್ಲ ಕನ್ನಡಿಗಳನ್ನೂ ಅದರ ಮೇಲೆ ತಿರುಗಿಸಿ ಉಣಿಸುತ್ತಲೇ ಇತ್ತು.

"ಸರ್, ಕನ್ನಡಿ ಅಷ್ಟರ ತಿರುಗಸ್ರಿ. ಅದಕ್ಕೇನು ಖರ್ಚಿಲ್ಲ."

ಅದಕ್ಕೆ ಅವರು ಒಪ್ಪಿದರು. ಒಂಬತ್ತು ಸಾವಿರ ಕನ್ನಡಿಗಳು ಆಕಾಶಕ್ಕೆ ಮುಖ ಮಾಡಿದವು. ನಾವು ಮೂವರೂ ಪರದೆ ನೋಡುತ್ತ ನಿಂತೆವು. ಹತ್ತು ನಿಮಿಷವಾಯಿತು. ಇಳಿಯಬೇಕಾಗಿದ್ದ ಅಂಕಿ ಐದುನೂರ ಅರವತ್ತೊಂದು ಆಯಿತು, ಆಮೇಲೆ ಅರವತ್ತೆರಡು. ಬಿಸಿಲು ಬೀಳದಿದ್ದರೂ ಕಣಜ ಕಾಯುತ್ತಿತ್ತು. 

ದೇಶಮುಖರ ಮುಖ ಬಿಳಿಚಿತು. ಆದರೂ ತಲೆ ಅಲ್ಲಾಡಿಸಿದರು. "ಸೈರನ್ ಹಾಕ್ತೀನಿ, ಕ್ವಾರ್ಟರ್ಸ್ ಖಾಲಿ ಮಾಡಸ್ರಿ. ಖರೆ, ಉಪ್ಪು ಹರಸಂಗಿಲ್ಲ. ಅದೆಲ್ಲಾ ಹೆಪ್ಪುಗಟ್ಟಿತಂದ್ರ ಮತ್ತ ಕರಗಸ್ಲಾಕ ಬ್ಯಾಸಿಗಿ ದಾಟ್ತದ. ನಲವತ್ತೊಂದು ಹೆಣ ನೋಡೀನಿ ನಾನು. ಒಂದಕ್ಕ ನಾನೇ ಹೆಗಲು ಕೊಟ್ಟೀನಿ. ಅರವತ್ತೆರಡು ಅಂಬೋ ಅಂಕಿ ನೋಡಿ ಆ ವಾಲ್ವ್ ತಗಿಯಂಗಿಲ್ಲ."

ಸಿಟ್ಟು ಬಂದರೂ ಅವರನ್ನು ಬೈಯಲು ಬಾಯಿ ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅಷ್ಟೇ ಹೇಳುತ್ತಿದ್ದೆ.

ಸೈರನ್ ಕೂಗುತ್ತಿರುವಾಗ ನಾನು ಕಣಜದ ಬುಡಕ್ಕೆ ಓಡಿದೆ. ಕಣ್ಣುಗಳ ಗಾಜಿನ ಮೇಲೆ ಧೂಳು ಕೂತಿದೆಯೇನೋ ಎಂದು ನೋಡುವುದಿತ್ತು. ಗಾಜು ಶುದ್ಧವಾಗಿತ್ತು. ತಿರುಗಿ ಕೆನ್ನೆಯ ಕಡೆ ನೋಡಿದೆ. ಬಿಸಿಲಿಗೆ ಅದು ಥಳಥಳ ಹೊಳೆಯಿತು. 

ಪ್ರತಿ ಮಹಾನವಮಿಗೆ ನಾವು ಹನ್ನೆರಡೂ ಕೆನ್ನೆಗಳಿಗೆ ಮೂರು ಪಟ್ಟೆ ವಿಭೂತಿ ಹಚ್ಚಿ, ನಡುವೆ ಕುಂಕುಮದ ಬೊಟ್ಟು ಇಡುತ್ತೇವೆ. ಅನ್ನ ಕೊಡುವ ಯಂತ್ರಕ್ಕೆ ಎಲ್ಲರೂ ಮಾಡುವ ಪೂಜೆಯೇ ಅದು. ಕೋಲಿಗೆ ಬಟ್ಟೆ ಸುತ್ತಿ, ವಿಭೂತಿ ಕಲಸಿ ಬಳಿಯುತ್ತಿದ್ದೆವು. ನಾಲ್ಕು ದಿನಕ್ಕೆ ಗಾಳಿಗೆ ಉದುರಿ ಹೋಗುತ್ತಿತ್ತು. ಈ ವರ್ಷ ಮೊಮ್ಮಗ ಹುಟ್ಟಿದ ಸಂಭ್ರಮ. ವರ್ಷವಿಡೀ ಉಳಿಯಲಿ ಎಂದು, ಬಿಸಿಗೂ ಏಳದ ಬೆಳ್ಳಿ ಬಣ್ಣದ ಡಬ್ಬಿ ತಂದು ನಾನೇ ಮೂರು ಮೂರು ಪಟ್ಟೆ ಎಳೆದಿದ್ದೆ. ಎಷ್ಟು ಚಂದ ಕಂಡಿತ್ತೆಂದರೆ, ಫೋಟೊ ತೆಗೆದು ಎಲ್ಲ ಕಣಜದವರ ಫೋನಿನ ಗುಂಪಿಗೂ ಕಳಿಸಿ ಹೊಗಳಿಸಿಕೊಂಡಿದ್ದೆ.

ಹೊಳೆಯುವ ವಸ್ತು ತನ್ನ ಬಿಸಿಯನ್ನು ಬಚ್ಚಿಡುತ್ತದೆ. ಮಸಿ, ತುಕ್ಕು, ಬೂದಿ ಬಚ್ಚಿಡುವುದಿಲ್ಲ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನ ನಾನು ಹೇಳುವ ಪಾಠವೇ ಇದು. ತಿಕ್ಕಿ ಬೆಳಗಿದ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಹೊರಗಿನಿಂದ ಕಣ್ಣು ಹಿಡಿದು ತೋರಿಸುತ್ತೇನೆ. ನೀರು ಕೊತಕೊತ ಕುದಿಯುತ್ತಿರುತ್ತದೆ, ಕಣ್ಣು ನಲವತ್ತು ಎನ್ನುತ್ತದೆ. ಹುಡುಗರು ಬಾಯಿ ಬಿಟ್ಟು ನೋಡುತ್ತಾರೆ, ನಾನು ಬೀಗುತ್ತೇನೆ. ಹತ್ತು ವರ್ಷ ಆ ಪಾಠ ಹೇಳಿದವಳು ನನ್ನ ಕೈಯಾರೆ ಹನ್ನೆರಡು ಕಣ್ಣಿಗೂ ಸುಳ್ಳು ಹೇಳಲು ಕಲಿಸಿದ್ದೆ. ಅರ್ಧ ಕೆನ್ನೆ ಕರಿದು, ಅರ್ಧ ಬೆಳ್ಳಿ. ಕಣ್ಣು ಎರಡನ್ನೂ ಸೇರಿಸಿ ನೋಡಿ ಕಡಿಮೆ ಹೇಳುತ್ತಿತ್ತು.

ಪೂಜೆಯ ಸಾಮಾನು ಇಡುವ ಗೂಡಿನಲ್ಲಿ ವಿಭೂತಿ ಗಟ್ಟಿ ಇತ್ತು. ಕುಡಿಯುವ ನೀರಿನಲ್ಲಿ ಕಲಸಿದೆ. ಕೋಲಿಗೆ ಸೆರಗಿನ ಚೂರು ಸುತ್ತಿ ಏಳನೆಯ ಕೆನ್ನೆಯ ಬೆಳ್ಳಿ ಪಟ್ಟೆಗಳ ಮೇಲೆ ದಪ್ಪಗೆ ಬಳಿದೆ. ಹಚ್ಚಿದ ತಕ್ಷಣ ಆವಿ ಎದ್ದು ಒಣಗಿತು.

"ಮೌಲಾಲಿ, ಬೆಳ್ಳಿ ಬಣ್ಣದ ಮ್ಯಾಲ ವಿಭೂತಿ ಬಳದೀನಿ. ಏಳು ಎಷ್ಟದ?" ಎಂದು ಫೋನಿನಲ್ಲಿ ಕೇಳಿದೆ.

ಅವನು ತಡವರಿಸಿದ. "ಅಕ್ಕಾ... ಆರುನೂರ ಒಂಬತ್ತು. ಉಳಿದ ಹನ್ನೊಂದೂ ಐದುನೂರ ಅರವತ್ತಮೂರು."

ದೇಶಮುಖರು ಫೋನು ಕಸಿದುಕೊಂಡರು. "ನೀವು ಬೂದಿ ಬಳದು ಅದನ್ನ ಕೆಡಿಸಿರಿ. ಹನ್ನೊಂದು ಖರೆ, ಒಂದು ಸುಳ್ಳ ಅಂತ ನಾ ಯಾಕ ಅನಬಾರದು? ನನಗ ಉಪ್ಪಿನ ಒಳಗಿಂದು ಅಂಕಿ ಬೇಕು. ಮುಟ್ಟಿ ಅಳದದ್ದು. ಅದು ಕೊಡ್ರಿ, ಆ ಗಳಿಗ್ಗೆ ವಾಲ್ವ್ ತಗಿತೀನಿ."

ಮುಟ್ಟಿ ಅಳೆಯುವುದೆಂದರೆ ನೆತ್ತಿಗೆ ಹೋಗಬೇಕು. ಹಳೆಯ ಕೊಳವೆಯ ಮುಚ್ಚಳ ಇನ್ನೂ ಅಲ್ಲೇ ಇದೆ. ಯಾರೂ ಆ ಕಡೆ ಹಾಯದಂತೆ ನಾನು ಹನ್ನೊಂದು ವರ್ಷ ಕಾಯ್ದುಕೊಂಡು ಬಂದಿದ್ದೆ.

ಪ್ರೋಬುಗಳ ಕಪಾಟಿನ ಎದುರು ನಿಂತಾಗ ಹಿಂದೆ ಯಾರೋ ಏದುಸಿರು ಬಿಡುತ್ತಿದ್ದರು. ತಿರುಗಿ ನೋಡಿದರೆ ಸಿದ್ರಾಮಪ್ಪ. ಭುವನಾ, ಕೂಸು, ಅವ್ವನನ್ನು ಗಾಡಿಗೆ ಹತ್ತಿಸಿ ಬಂದೆ ಎಂದ. ಗಾಡಿ ಗೇಟಿನ ಹತ್ತಿರ ಜನರ ನಡುವೆ ಸಿಕ್ಕಿಕೊಂಡಿದೆಯಂತೆ. ಮುನ್ನೂರು ಮನೆಯವರು ಒಂದೇ ಗೇಟಿನಿಂದ ಹೊರಬೀಳಬೇಕು.

"ಎಷ್ಟು ಹೊತ್ತದ ನಮ್ಮ ಕಡಿ?" ಎಂದು ಕೇಳಿದ.

"ಗೊತ್ತಿಲ್ರಿ. ಒಂದು ತಾಸು ಇರಬೌದು. ಇರ್ಲಾರದೂ ಇರಬೌದು."

"ಹಂಗಾರ ನಾ ಹತ್ತತೀನಿ. ನನಗ ಇನ್ನ ಏಳು ಬೆರಳವ," ಎಂದು ನಕ್ಕ. ಅಂಥ ಹೊತ್ತಿನಲ್ಲಿ ನಗುವ ಮನುಷ್ಯ ಅವನು. 

"ನಾ ಹಚ್ಚಿದ ಬಣ್ಣ. ನಾನೇ ಹತ್ತತೀನಿ. ಯಾವ್ದು ಒಯ್ಯಲಿ, ಅಷ್ಟ ಹೇಳ್ರಿ."

ಕಪಾಟಿನಲ್ಲಿ ದಪ್ಪ ಕವಚದ್ದು ಒಂದು, ತೆಳು ಪ್ರೋಬು ಒಂದು ಇತ್ತು. ದಪ್ಪದ್ದು ಕೊಡುವ ಅಂಕಿಯನ್ನು ಯಾವ ಸಾಹೇಬರೂ ಅಲ್ಲಗಳೆಯಲಾರರು, ಆದರೆ ಆರು ನಿಮಿಷ. ಕೆಳಗೆ ಉಪ್ಪು ಒಡೆದು ಗುಳ್ಳೆ ಏಳುತ್ತಿರುವಾಗ ಆ ಕೊಳವೆಯ ಬಾಯಲ್ಲಿ ಆರು ನಿಮಿಷ ನಿಂತವರು ಅಂಕಿ ಹೇಳಲು ಉಳಿಯುವುದಿಲ್ಲ. ಸಿದ್ರಾಮಪ್ಪ ತನ್ನ ಎರಡು ಬೆರಳಿನ ಬಲಗೈಯಿಂದ ತೆಳು ಪ್ರೋಬನ್ನು ಎತ್ತಿ ನನ್ನ ಕೈಯಲ್ಲಿಟ್ಟ. "ಇಳಸು, ಓದು, ಬಿಟ್ಟು ಬಾ. ತಿರುಗಿ ಮ್ಯಾಲ ಎಳೀಬ್ಯಾಡ," ಎಂದ.

ಏಳು ಅಂತಸ್ತಿನ ಏಣಿ. ನನಗೆ ಐವತ್ತಮೂರು ವಯಸ್ಸು, ಮೊಣಕಾಲು ನೋವು. ಪ್ರತಿ ಅಂತಸ್ತಿಗೂ ಗೇಟಿನ ಕಡೆ ನೋಡುತ್ತಿದ್ದೆ. ನಮ್ಮ ಓಣಿಯ ಜನ ಹಾಸಿಗೆ, ಪಾತ್ರೆ, ಆಡಿನ ಮರಿ ಹೊತ್ತುಕೊಂಡು ನೂಕಾಡುತ್ತಿದ್ದರು. ಗಾಡಿ ಅಲ್ಲೇ ಇತ್ತು. ಕೈಗವಸಿನೊಳಗೆ ಬೆವರು ಸುರಿದು ಏಣಿ ಜಾರುತ್ತಿತ್ತು. ನೆತ್ತಿಯ ಮೇಲೆ ಬೂಟಿನ ಅಡಿ ಮೆತ್ತಗಾಗತೊಡಗಿತು. ಕೆಳಗಿನಿಂದ ಗುಡುಗುಡು ಸದ್ದು ಬರುತ್ತಿತ್ತು. ದೊಡ್ಡ ಹಂಡೆಯಲ್ಲಿ ಅಂಬಲಿ ಕುದಿಯುವ ಸದ್ದು ಅದು. ಇಪ್ಪತ್ತಾರು ವರ್ಷದಲ್ಲಿ ಆ ಕಣಜ ಸದ್ದು ಮಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಹೆದರಿಕೆಯಾಯಿತು. ಬಿಟ್ಟು ಇಳಿದು ಓಡಿಹೋಗಬೇಕು ಎನ್ನಿಸಿತು, ಅದನ್ನು ಮುಚ್ಚಿಡುವುದಿಲ್ಲ.

ಪ್ರೋಬಿನ ತಂತಿಯ ತುದಿಯನ್ನು ಕಂಟ್ರೋಲ್ ರೂಮಿಗೆ ಹೋಗುವ ಹಳೆಯ ಪ್ಲಗ್ಗಿಗೆ ಸಿಕ್ಕಿಸಿ, ಮುಚ್ಚಳ ತಿರುಗಿಸಿದೆ. ಬಿಸಿ ಗಾಳಿ ಮುಖಗವಸಿಗೆ ಬಡಿದು ಕಣ್ಣು ಕತ್ತಲಿಟ್ಟಿತು. ಪಕ್ಕಕ್ಕೆ ವಾಲಿ ಪ್ರೋಬಿನ ತಂತಿಯನ್ನು ಇಳಿಸುತ್ತ ಹೋದೆ. ಒಂದು ಮಾರು, ಎರಡು, ಮೂರು. ತುದಿ ಉಪ್ಪನ್ನು ಮುಟ್ಟಿದ್ದು ಕೈಗೆ ತಿಳಿಯಿತು. ಮೌಲಾಲಿ ಫೋನಿನಲ್ಲಿ ಜೋರಾಗಿ ಓದಿದ.

"ನಾನೂರು... ಐದುನೂರ ಎಂಬತ್ತು... ಆರುನೂರ ಹತ್ತು. ಹನ್ನೆರಡು. ಹದಿಮೂರು. ಹದಿನಾಕು, ಅಕ್ಕಾ, ಹದಿನಾಕಕ್ಕ ನಿಂತದ. ಹದಿನಾಕು. ಈಗ ಸತ್ತಿತು. ಇಳೀರಿ, ಇಳೀರಿ!"

ತಂತಿಯನ್ನು ಕೊಳವೆಯೊಳಗೇ ಬಿಟ್ಟು, ಮುಚ್ಚಳವನ್ನು ಒದ್ದು ಮುಚ್ಚಿ ಏಣಿಗೆ ಬಂದೆ. ಮೂರನೆಯ ಅಂತಸ್ತಿಗೆ ಇಳಿದಿದ್ದೆನೋ ಇಲ್ಲವೋ, ನೆತ್ತಿಯ ಮೇಲೆ ಉಪ್ಪು ಸಿಡಿದು ಬಿಳಿ ಹನಿಗಳು ಸುತ್ತ ಉದುರಿದವು. ಒಂದು ಹನಿ ಭುಜದ ಬಟ್ಟೆ ಸುಟ್ಟು ಚರ್ಮಕ್ಕೆ ತಾಗಿತು. ಆ ಕಲೆ ಈಗಲೂ ಇದೆ.

ದೇಶಮುಖರು ಕೊಟ್ಟ ಮಾತು ತಪ್ಪಲಿಲ್ಲ. ನಾನು ನೆಲ ಮುಟ್ಟುವ ಮೊದಲೇ ಬುಡದ ವಾಲ್ವ್ ತೆರೆದಿತ್ತು. ಉಪ್ಪು ಕಾಲುವೆಯಲ್ಲಿ ಕೆಂಪಗೆ ಹರಿದು ಹೊಂಡಕ್ಕೆ ಬಿದ್ದು, ಬೀಳುತ್ತ ಬೀಳುತ್ತ ಬೂದಿ ಬಣ್ಣಕ್ಕೆ ತಿರುಗಿತು. ಒಂದು ತಾಸಿಗೆ ಕಣಜ ಖಾಲಿಯಾಯಿತು. ಸದ್ದು ನಿಂತಿತು. ದೇಶಮುಖರು ಕಂಟ್ರೋಲ್ ರೂಮಿನ ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದರು. "ಬ್ಯಾಸಿಗಿಗಿ ಏನು ಮಾಡೂಣು ಮಹಾನಂದಾ?" ಎಂದು ಕೇಳಿದರು.  ಸಂಜೆ ನಾಲ್ಕು ಗಂಟೆಯಾಗಿತ್ತು.

ಗೇಟಿನಾಚೆ ಬೇವಿನ ಮರದ ಕೆಳಗೆ ನಮ್ಮ ಮಂದಿ ಕೂತಿದ್ದರು. ಭುವನಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅವ್ವ ನನ್ನ ಭುಜ ನೋಡಿ, ಬಾಯಿಗೆ ಬಂದಂತೆ ಬೈದು, ಬೈಯುತ್ತಲೇ ಅತ್ತಳು. ನಾನು ಅವಳ ಮೊಣಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. "ಹುಚ್ಚಿ," ಎಂದಳು. ಕೂಸಿನ ಅಂಗಾಲು ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಜೀವ ಬಂದಂತಾಯಿತು.

"ಯವ್ವಾ, ಸೈರನ್ ಆದಾಗಿಂದ ಮೆಸೇಜೇ ನೋಡಿಲ್ಲ ನಾನು," ಎನ್ನುತ್ತ ಭುವನಾ ಫೋನು ತೆರೆದಳು. "ಇದು ತೋರ್ಸೋದೇ ಮರ್ತಿದ್ದೆ ನೋಡು. ಹಬ್ಬದ ದಿನ ನಿನ್ನ ಅಳಿಯ ಕಳಸಿದ್ರು. ನಿನಗ ತೋರ್ಸು ಅಂದಿದ್ರು."

ಫೋಟೊದಲ್ಲಿ ಶರಣಪ್ಪ ಹೊಸ ಅಂಗಿ ಹಾಕಿಕೊಂಡು ನಗುತ್ತ ನಿಂತಿದ್ದರು. ಕೈಯಲ್ಲಿ ಬಣ್ಣದ ಬ್ರಷ್ಷು. ಹಿಂದೆ ಬಿಳಿಕಲ್ಲಿನ ಕಣಜದ ಕೆನ್ನೆ. ಅದರ ಮೇಲೆ ಮೂರು ಪಟ್ಟೆ ಥಳಥಳ ಹೊಳೆಯುತ್ತಿತ್ತು. ಅತ್ತೆಗೆ ಖುಷಿಯಾಗಲಿ ಎಂದು ಮಾಡಿದ್ದು. ಕೆಳಗೆ ಬರೆದಿದ್ದರು: ಹನ್ನೆರಡಕ್ಕೂ ನಾನೇ ಹಚ್ಚಿದೆ.

ಕಂಟ್ರೋಲ್ ರೂಮು, ಕೆನ್ನೆ, ಏಣಿ, ವಾಲ್ವ್ ಎಂದು ಇಡೀ ದಿನ ಓಡಾಡುವಾಗ ಗುಂಪಿಗೆ ಕಳಿಸಿದ ಆ ಫೋಟೊ ಒಮ್ಮೆಯೂ ನನ್ನ ನೆನಪಿಗೆ ಬಂದಿರಲಿಲ್ಲ. ಭುವನಾಳ ಕೈಯಿಂದ ಫೋನು ಕಸಿದು ಅವರಿಗೇ ಕರೆ ಮಾಡಿದೆ. ಗಂಟೆ ಬಾರಿಸಿತು, ಬಾರಿಸಿತು.  ಕೊನೆಗೆ ಎತ್ತಿದರು.

"ಅತ್ತೀ! ಅರಾಮಿದ್ದೀರಿಲ್ರಿ? ಕೂಸು ಹೆಂಗದ?"

"ಅರಾಮದ. ಶರಣಪ್ಪಾ, ನೀವೀಗ ಎಲ್ಲಿದ್ದೀರಿ?"

"ಡ್ಯೂಟಿ ಮ್ಯಾಲೇ ಇದೀನ್ರಿ, ಕಂಟ್ರೋಲ್ ರೂಮ್ನಾಗ. ನಮ್ಮ ಕಣಜ ಭಾಳ ಛಲೋ ಅದ್ರಿ ಅತ್ತಿ. ಹನ್ನೆರಡೂ ಐದುನೂರ ಎಪ್ಪತ್ತರ ಹತ್ತಿರ ಅವ, ಒಂದಕ್ಕೊಂದು ಫರಕೇ ಇಲ್ಲ."

ಭುವನಾ ನನ್ನ ಮುಖ ನೋಡುತ್ತಿದ್ದಳು. ಹಾಲು ಕುಡಿಯುತ್ತಿದ್ದ ಕೂಸು ಬಾಯಿ ಬಿಟ್ಟಿತು. ನಾನು ಕೇಳಿದೆ.

"ಇವತ್ತ ಮುಂಜಾನಿ ಮೈ ತೊಳಕೊಂಡ್ರಲ್ಲ, ನಳದ ನೀರಿಗೆ ಎಷ್ಟು ತಂಬಿಗಿ ತಣ್ಣೀರು ಹಾಕಿದ್ರಿ?"

ಅವರು ನಕ್ಕರು. "ಅದ್ಯಾಕ ಕೇಳ್ತೀರಿ ಅತ್ತಿ? ಮೊದಲ ಎರಡು ಸಾಕಾಗ್ತಿತ್ತು. ಈಗ ಏನ್ ಸುಡ್ತಾವಂತೀರಿ, ಇವತ್ತ ಬಕೀಟಿಗೆ ಆರು ಹಾಕೀನಿ."

ನಮ್ಮಲ್ಲಿ ಐದಕ್ಕೆ ಆರುನೂರ ಹದಿನಾಲ್ಕು. ಅದೂ ಅವರ ಲೆಕ್ಕ ಬೆಳಗಿನದು, ಈಗ ಸಂಜೆ ನಾಲ್ಕು.

ಮದುವೆಯಾದಂದಿನಿಂದ ಅಳಿಯನನ್ನು ನಾನು ಬಹುವಚನವಿಲ್ಲದೆ ಮಾತಾಡಿಸಿದವಳಲ್ಲ.

"ಓಡೋ ತಮ್ಮಾ!" ಎಂದು ಚೀರಿದೆ. "ಸೈರನ್ ಒತ್ತಿ ಓಡು! ಏನೂ ಕೇಳಬ್ಯಾಡ, ಓಡು!"

ಕುರ್ಚಿ ಬಿದ್ದ ಸದ್ದು ಕೇಳಿಸಿತು. ಆಮೇಲೆ ಸೈರನ್ನು. ಆಮೇಲೆ ಮೆಟ್ಟಿಲು ಇಳಿಯುವ ಕಾಲಸಪ್ಪಳ. ಫೋನು ಅವರ ಕೈಯಲ್ಲೇ ಇತ್ತು, ಉಸಿರು ಕೇಳುತ್ತಿತ್ತು. ಭುವನಾ ಕೂಸನ್ನು ಎದೆಗೆ ಅವಚಿಕೊಂಡು ಎದ್ದು ನಿಂತಳು. ನಾವಿಬ್ಬರೂ ಫೋನಿಗೆ ಕಿವಿ ಹಚ್ಚಿ, ಅವರ ಹೆಜ್ಜೆಗಳನ್ನು ಎಣಿಸುತ್ತ ನಿಂತೆವು. ನೂರ ಹನ್ನೆರಡರವರೆಗೆ ಎಣಿಸಿದೆವು, ಅಲ್ಲಿಗೆ ಫೋನು ಕಡಿದುಹೋಯಿತು.